ಆಪಾ ಕೂರಿಸಿದ ನಳಿಗೆ

ಆಪಾ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವನು ವೈ.ಎನ್.ಹೊಸಕೋಟೆ ಕಡೆಯ ಒಬ್ಬ ಕಡಲೆಕಾಯಿ ರೈತ. ಫೋನಿನಲ್ಲಿ, "ಮೇಷ್ಟ್ರೇ, ಆಪಾ ಹೋಗ್ಬುಟ್ರು. ಮೊನ್ನೆ ತಾನೇ ನನ್ನ ಬಾಯ್ತುಂಬ ಬೈದಿದ್ರು. ಇನ್ಮೇಲೆ ಅಂಗೆ ಬಯ್ಯೋರು ಯಾರವ್ರೆ?" ಅಂದ. ಸಾವಿನ ಸುದ್ದಿ ಕೇಳಿ ನನಗೆ ನಗು ಬಂತು. ಅವನೂ ನಕ್ಕ.

ಶಿರಾದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಆಪಾ ಅಂದರೆ ಅಕ್ಕ. ಅವರಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು. ನಾನೂ ಕರೆದೆ, ಅವರಿಗಿಂತ ದೊಡ್ಡವನಾಗಿದ್ದರೂ. ಅವರ ಕಸುಬು ಬಂದೂಕು ರಿಪೇರಿ. ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಒಂದಷ್ಟು ಜನ ಸೇರಿ ನಡೆಸುತ್ತಿದ್ದ ರೈಫಲ್ ಕ್ಲಬ್ಬಿಗೆ ಕಾರ್ಯದರ್ಶಿಯೂ ಆಗಿದ್ದೆ. ನಮ್ಮಲ್ಲಿ ವಿಶೇಷ ಪರವಾನಗಿಯ ಮೇಲೆ ಇಟ್ಟುಕೊಂಡಿದ್ದ ಹಳೆಯ ಮಿಲಿಟರಿ ರೈಫಲ್‌ಗಳಿದ್ದವು. ಪೊಲೀಸರ ಹೆಗಲ ಮೇಲೆ ನೀವೂ ನೋಡಿರುತ್ತೀರಿ: ಮರದ ಮೈ, ಒಳ್ಳೇ ಭಾರ, ಒಂದೊಂದು ಗುಂಡು ಹಾರಿಸಿದ ಮೇಲೂ ಪಕ್ಕದ ಬೋಲ್ಟನ್ನು ಕೈಯಲ್ಲೇ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಅವುಗಳ ಕಾಯಿಲೆ ಕಸಾಲೆಗೆಂದೇ ನಾನು ಶಿರಾಕ್ಕೆ ಹೋಗುತ್ತಿದ್ದುದು.

ಅಂಗಡಿ ಹಳೇ ಪೇಟೆಯ ಒಂದು ಓಣಿಯಲ್ಲಿತ್ತು. ಮುಂದೆ ಅವರ ತಂದೆ ಕೂರುತ್ತಿದ್ದರು. ಬಿಳಿ ಗಡ್ಡ, ಮೆತ್ತಗಿನ ಮಾತು. ಪರವಾನಗಿ ಇದ್ದದ್ದು ಅವರ ಹೆಸರಿನಲ್ಲಿ. ಅವರ ಬೆನ್ನ ಹಿಂದೆ ಒಂದು ಹಸಿರು ಪರದೆ. ಪರದೆಯ ಆಚೆ ಲೇತು, ವೈಸು, ಸಾಲಾಗಿ ತೂಗುಹಾಕಿದ ಅರಗಳು ಮತ್ತು ಆಪಾ. ನಾಲ್ಕು ತಾಲ್ಲೂಕಿನ ಬಂದೂಕುಗಳು ಮುದುಕರ ಕೈಗೆ ಬಂದು, ಪರದೆಯ ಹಿಂದೆ ಹೋಗಿ, ವಾಸಿಯಾಗಿ, ಮತ್ತೆ ಮುದುಕರ ಕೈಯಿಂದಲೇ ಈಚೆ ಬರುತ್ತಿದ್ದವು. ಜನ ಮುದುಕರ ಕೈಗುಣವನ್ನು ಹೊಗಳುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷವಾಗಿತ್ತೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಹಾಗೆಂದು ಆಪಾ ಸದ್ದಿಲ್ಲದೆ ಕೂತು ಕೆಲಸ ಮಾಡುವವರಲ್ಲ. ನಾನು ಮೊದಲ ಸಲ ಹೋದಾಗ ಮುದುಕರ ಮುಂದೆ ಬೋಲ್ಟ್ ಎಳೆದು ತೋರಿಸಿ, ಸ್ಪ್ರಿಂಗ್ ಕೆಟ್ಟಿರಬೇಕು ಅಂದೆ. ಪರದೆಯ ಹಿಂದಿನಿಂದ ತಂದೆಯನ್ನು ಕೂಗುವ ಗಟ್ಟಿ ಗಂಟಲು ಬಂತು: "ಅಬ್ಬಾ, ಸ್ಪ್ರಿಂಗ್ ಅಲ್ಲ ಕೆಟ್ಟಿರೋದು, ಎಣ್ಣೆ ಹಾಕ್ದೋರ ತಲೆ ಕೆಟ್ಟಿರೋದು. ಕೊಬ್ರಿ ಎಣ್ಣೆ ಬುಟ್ಟವ್ರೆ. ವಾಸನೆ ಇಲ್ಲಿಗಂಟ ಬರ್ತೈತೆ."

ಮುದುಕರು ನಾಚಿಕೊಂಡು, "ನಮ್ ಹುಡುಗಿ ಬಾಯಿ ಒಂಚೂರು ಜೋರು," ಅಂದರು. ಹುಡುಗಿಗೆ ಆಗಲೇ ತಲೆ ನರೆಯುತ್ತಿತ್ತು. ಕೊಬ್ಬರಿ ಎಣ್ಣೆಯ ಮಾತು ಮಾತ್ರ ನಿಜ. ನಮ್ಮ ಖಜಾಂಚಿಯವರು ಹಿಂದಿನ ವಾರ ಬಹಳ ಪ್ರೀತಿಯಿಂದ ಸವರಿದ್ದರಂತೆ.

ಮದುವೆಯಾಗಿ ಹಿರಿಯೂರಿಗೆ ಹೋಗಿದ್ದ ಆಪಾ, ಗಂಡ ಬೇಗ ತೀರಿಕೊಂಡ ಮೇಲೆ ತಂದೆಯ ಮನೆಗೆ ವಾಪಸ್ಸು ಬಂದಿದ್ದರು. ಮನೆಯಲ್ಲಿ ಸುಮ್ಮನೆ ಕೂತಿರಲಾಗದೆ ಅರ ಹಿಡಿದರಂತೆ. "ಅಡುಗೆ ಮನೇಲಿ ನನ್ನ ಕೈಗೆ ಯಶಸ್ಸಿಲ್ಲ ಮೇಷ್ಟ್ರೇ. ಕಬ್ಬಿಣ ಆದ್ರೆ ನಾನು ಹೇಳ್ದಂಗೆ ಕೇಳ್ತೈತೆ," ಅನ್ನುತ್ತಿದ್ದರು. ಅದು ಸುಳ್ಳೇನಲ್ಲ. ಅವರು ಮಾಡಿದ ಬಿರಿಯಾನಿ ತಿಂದವನು ನಾನು. ವಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. "ನನ್ನಷ್ಟು ಚೆನ್ನಾಗಿ ಈ ಕೆಲಸ ಮಾಡೋರು ಬೆಂಗಳೂರಲ್ಲಿ ಇದ್ರೂ ಇರಬೌದು. ಇದ್ರೆ ಕರ್ಕೊಂಡ್ಬನ್ನಿ, ನೋಡೋಣ," ಎಂದು ಸವಾಲು ಹಾಕುತ್ತಿದ್ದರು.

ಫೋನು ಮಾಡಿದ ರೈತನ ಕಥೆಯನ್ನೂ ಹೇಳಿಬಿಡುತ್ತೇನೆ. ಅವನ ಹೊಲಕ್ಕೆ ಕಾಡುಹಂದಿ ಕಾಟ. ಬೆಳೆ ಕಾಯಲೆಂದು ಲೈಸೆನ್ಸ್ ತೆಗೆದುಕೊಂಡಿದ್ದ ಒಂಟಿ ನಳಿಗೆ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ. "ಅಮ್ಮಾ, ಇದು ಪೇಲೋದೇ ಇಲ್ಲ, ಏಮೋ ಆಗೈತೆ. ಪಂದುಲು ಬಂದು ಕಡ್ಲೆಕಾಯೆಲ್ಲ ಬಗ್ದಾಕ್ತಾವೆ," ಎಂದು ಅವರ ಕಡೆಯ ಅರ್ಧ ತೆಲುಗಿನಲ್ಲಿ ಗುಂಡು ಹಾರದ ದುಃಖ ತೋಡಿಕೊಂಡ. ಖಾಲಿಯಿದೆಯಾ ಎಂದು ಮುದುಕರು ಕೇಳಿದ್ದಕ್ಕೆ ಖಾಲಿ ಅಂದ. ಬಂದೂಕು ಪರದೆಯ ಹಿಂದೆ ಹೋಯಿತು. ನಳಿಗೆ ಮಡಿಸಿ ತೆರೆದ ಸದ್ದಾಯಿತು. ಪರದೆ ಸರಿಸಿ ಆಪಾ ಈಚೆ ಬಂದರು. ಅಂಗೈಯಲ್ಲಿ ಒಂದು ತೋಟಾ ಇತ್ತು, ಹಾರದೆ ಉಳಿದಿದ್ದ ತೋಟಾ. ಅದನ್ನು ಅವನ ಮೂಗಿನ ಮುಂದೆ ಹಿಡಿದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈದರು. ಅವನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತಿದ್ದವರ ಪರವಾಗಿ, ಕಂಡಕ್ಟರನ ಪರವಾಗಿ, ಅವನ ಹೆಂಡತಿ ಮಕ್ಕಳ ಪರವಾಗಿ ಬೇರೆ ಬೇರೆಯಾಗಿ ಬೈದರು. ಕೊನೆಗೆ, "ಖಾಲಿ ಅನ್ನೋದು ಬಾಯಲ್ಲಿ ಹೇಳೋ ಮಾತಲ್ಲ, ಬೆರಳು ಹಾಕಿ ನೋಡೋ ಮಾತು," ಎಂದು ಟೀ ತರಿಸಿ ಕುಡಿಸಿದರು. ಅಂದಿನಿಂದ ಅವನು ಬಂದೂಕು ನೆಟ್ಟಗಿದ್ದಾಗಲೂ ಶಿರಾಕ್ಕೆ ಬಂದು ಬೈಸಿಕೊಂಡು ಹೋಗುತ್ತಿದ್ದ.

ಮುದುಕರು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಪರವಾನಗಿ ಅವರ ಜೊತೆಗೇ ಹೋಯಿತು. ಒಳಗಿದ್ದ ಬಂದೂಕುಗಳು ಪೊಲೀಸ್ ಠಾಣೆಗೆ ಹೋದವು, ಅಂಗಡಿಗೆ ಬೀಗ ಬಿತ್ತು. ಪರವಾನಗಿ ತಮ್ಮ ಹೆಸರಿಗೆ ಬೇಕೆಂದು ಆಪಾ ಅರ್ಜಿ ಹಾಕಿದರು. ಅವರ ದೊಡ್ಡಪ್ಪನ ಮಗನೂ ಹಾಕಿದ. ಅದೇ ಓಣಿಯಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಕೆಟ್ಟವನಲ್ಲ, ಆದರೆ, "ಹೆಂಗಸು ಬಂದೂಕು ಬಿಚ್ತಾಳೆ ಅಂದ್ರೆ ಯಾರು ತಂದು ಕೊಡ್ತಾರೆ? ಚಿಕ್ಕಪ್ಪನ ಅಂಗಡಿ ಮುಚ್ಚೋಗ್ತೈತೆ," ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಹೇಳಿದ್ದನ್ನು ತಾನೂ ನಂಬಿದ್ದ.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಪರವಾನಗಿ ಕೊಡುವ ಅಧಿಕಾರಿ ಸಮಾಧಾನದ ಮನುಷ್ಯ. "ಇಷ್ಟು ವರ್ಷ ನೀವೇ ಕೆಲಸ ಮಾಡಿದ್ದು ಅಂತೀರಿ. ನೋಡಿದವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಕೇಳಿದ್ದು ಸರಿಯಾಗೇ ಇತ್ತು. ನಾನೂ ಧ್ವನಿ ಕೇಳಿದ್ದೆನೇ ಹೊರತು ಅವರು ಅರ ಹಾಕಿದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಪರದೆ ಅಷ್ಟು ವರ್ಷ ಅವರ ಮರ್ಯಾದೆ ಕಾದಿತ್ತು, ಈಗ ಅವರ ಅನ್ನಕ್ಕೆ ಅಡ್ಡ ಬಂದಿತ್ತು.

ಆಪಾ ಅಂದರು: "ನೋಡಿದೋರು ಬೇಡ ಸಾರ್. ಕೆಲಸ ಕೊಡಿ. ನೀವೇ ನೋಡಿ."

ಅಧಿಕಾರಿ ಯೋಚಿಸಿ ಒಪ್ಪಿದರು. ಒಂದು ಕಷ್ಟದ ಕೆಲಸ ಕೊಡುವುದು, ತಿಳಿದವರೊಬ್ಬರು ಕೂತು ನೋಡುವುದು, ಸರಿಬಂದರೆ ಪರವಾನಗಿ ಆಪಾಗೆ, ಇಲ್ಲದಿದ್ದರೆ ದೊಡ್ಡಪ್ಪನ ಮಗನ ಅರ್ಜಿ ಮುಂದಕ್ಕೆ. ಕೆಲಸ ನಮ್ಮ ಕ್ಲಬ್ಬಿನಲ್ಲೇ ಇತ್ತು. ನಮ್ಮ ಹಳೇ ರೈಫಲ್ ಒಂದರ ನಳಿಗೆ ಒಳಗೆಲ್ಲ ಸವೆದು, ಗುಂಡು ಗುರಿಹಲಗೆಗೆ ಅಡ್ಡಡ್ಡ ಬೀಳುತ್ತಿತ್ತು. ಮುಚ್ಚಿಹೋದ ಬೇರೊಂದು ಕ್ಲಬ್ಬಿನಿಂದ ಅದೇ ಜಾತಿಯ, ಗ್ರೀಸು ಬಳಿದು ಇಟ್ಟಿದ್ದ ಬಳಸದ ನಳಿಗೆಯೊಂದು ಕಾನೂನಿನ ಪ್ರಕಾರವೇ ನಮಗೆ ಸಿಕ್ಕಿತ್ತು. ಅದನ್ನು ಕೂರಿಸದಿದ್ದರೆ ರೈಫಲನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು, ಒಪ್ಪಿಸಿದರೆ ಅದನ್ನು ಕತ್ತರಿಸಿ ಹಾಕುತ್ತಿದ್ದರು. ಕಮಿಟಿಯಲ್ಲಿ ಕೆಲವರು ಅನುಮಾನಿಸಿದರು. ಕತ್ತರಿಸೋದಕ್ಕಿಂತ ಆಪಾ ಕೈಗೆ ಕೊಡೋದು ವಾಸಿ ಅಲ್ವೇ ಅಂದೆ. ಒಪ್ಪಿದರು.

ನೋಡಲು ಬಂದವರು ತೋವಿನಕೆರೆಯ ಹತ್ತಿರದ ಒಬ್ಬ ಸುಬೇದಾರರು. ಸೈನ್ಯದಲ್ಲಿ ಜೀವಮಾನವೆಲ್ಲ ಇಂಥ ರೈಫಲ್‌ಗಳನ್ನೇ ರಿಪೇರಿ ಮಾಡಿ, ನಿವೃತ್ತರಾಗಿ ಊರಿಗೆ ಬಂದು ಹೂವು ಬೆಳೆಯುತ್ತಿದ್ದರು. ನೆಟ್ಟಗಿನ ಮೀಸೆ, ಅಳೆದು ತೂಗಿ ಮಾತು.

ಅವತ್ತು ಬೆಳಿಗ್ಗೆ ಅಂಗಡಿಯ ಬೀಗ ತೆಗೆಸಿದರು. ಬೆಳಕು ಸಾಲದೆಂದು ಆಪಾ ಮೊದಲು ಪರದೆಯನ್ನೇ ಕಿತ್ತು ಸುತ್ತಿ ಮೂಲೆಗೆ ಎಸೆದರು. ಅಧಿಕಾರಿಗೆ ಕುರ್ಚಿ, ಸುಬೇದಾರರಿಗೆ ಸ್ಟೂಲು. ಠಾಣೆಯ ಪೊಲೀಸಿನವರೊಬ್ಬರು ಬಾಗಿಲಲ್ಲಿ. ಓಣಿಯ ಆಚೆ ದೊಡ್ಡಪ್ಪನ ಮಗ ಕೈಕಟ್ಟಿ ನಿಂತಿದ್ದ.

ಹಳೇ ನಳಿಗೆ ಸುಲಭಕ್ಕೆ ಬಿಡಲಿಲ್ಲ. ಆಪಾ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ವೈಸಿಗೆ ಬಿಗಿದು, ಉದ್ದನೆಯ ಹಿಡಿ ಹಾಕಿ ಜೋತುಬಿದ್ದರು. ಒಂದು ಸಲ, ಇನ್ನೊಂದು ಸಲ. ಕಡೆಗೆ ಟಕ್ ಎಂದು ಬಿಟ್ಟಿತು. ಹೊಸದನ್ನು ತಿರುಪಿ ಬಿಗಿದರು. ಸುಬೇದಾರರು ಎದ್ದು, ನಳಿಗೆಯ ಬಾಯಿಯ ಕಡೆ ಹೋಗಿ, ಗುರಿ ಹಿಡಿಯಲು ಅಲ್ಲಿರುವ ಸೈಟಿನ ಮೊನೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರು. "ಮುಂದ್ಗಡೆ ಸೈಟು ಒಂದು ಕೂದ್ಲೆಳೆ ಎಡಕ್ಕೆ ವಾಲೈತೆ ಕಣಮ್ಮ," ಅಂದರು.

"ವಾಲಿಲ್ಲ, ನೀವು ವಾಲಿದ್ದೀರ," ಅಂದರು ಆಪಾ. ಸುಬೇದಾರರು ಬೇಸರ ಮಾಡಿಕೊಳ್ಳಲಿಲ್ಲ.

ಮದ್ದಿಲ್ಲದ ಸುಳ್ಳು ತೋಟಾ ಒಂದನ್ನು ಇಟ್ಟು ಆಪಾ ಬೋಲ್ಟ್ ಮುಚ್ಚಿದರು. ಮುಚ್ಚಿಕೊಂಡಿತು. ಮತ್ತೆ ತೆರೆದು ಮುಚ್ಚಿದರು. ಅವರ ಮುಖ ಬದಲಾಯಿತು. "ಸೈಟು ಬುಡಿ ಸುಬೇದಾರ್ ಸಾಬ್. ಇದನ್ನ ಕೇಳಿ. ಕೊಕ್ಕೆ ಉಜ್ಜುತೈತೆ."

ಬೋಲ್ಟಿನ ತುದಿಯಲ್ಲಿ ಒಂದು ಸಣ್ಣ ಉಕ್ಕಿನ ಕೊಕ್ಕೆ ಇರುತ್ತದೆ. ಎಕ್ಸ್‌ಟ್ರಾಕ್ಟರ್ ಅನ್ನುತ್ತಾರೆ. ಗುಂಡು ಹಾರಿದ ಮೇಲೆ ತೋಟಾದ ಖಾಲಿ ಹಿತ್ತಾಳೆ ಕೇಸಿನ ಅಂಚು ಹಿಡಿದು ಈಚೆಗೆಳೆಯುವುದು ಅದರ ಕೆಲಸ. ಅದು ಕೂರಲು ನಳಿಗೆಯ ಹಿಂಬದಿಯಲ್ಲಿ ಒಂದು ಕಚ್ಚು ಕೊರೆದಿರುತ್ತಾರೆ. ಅಲ್ಲಿ ಜಾಗ ಸಾಲದಿದ್ದರೆ ಬೋಲ್ಟು ಬಿಗಿಯುತ್ತದೆ, ಕೊಕ್ಕೆಯ ತುದಿ ಮುರಿಯುತ್ತದೆ. ಹೆಚ್ಚಾಗಿ ಕೊರೆದರೆ ತೋಟಾದ ಬುಡಕ್ಕೆ ಆಸರೆ ತಪ್ಪಿ, ಹಾರಿಸುವವನ ಮುಖದ ಹತ್ತಿರವೇ ಒಡೆದೀತು. ಎರಡರ ನಡುವೆ ಇರುವ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ.

ಸುಬೇದಾರರು ತಾವೂ ಬೋಲ್ಟ್ ಆಡಿಸಿ ನೋಡಿದರು. "ಹೊಸಾ ನಳಿಗೆ, ಒಸಿ ಬಿಗಿ ಇರ್ತದೆ. ನಾಕು ಗುಂಡು ಹೊಡುದ್ರೆ ಸರಿಹೋಯ್ತದೆ," ಅಂದರು. ಅಧಿಕಾರಿಗೆ ಸಮಾಧಾನವಾಯಿತು. "ಹಾಗಾದರೆ ಮುಗೀತಲ್ಲ. ಗಾಡಿ ಇದೆ, ಹೋಗಿ ಹಾರಿಸಿ ನೋಡೋಣ."

"ಇಲ್ಲ ಸಾರ್. ಇದು ಮುಗಿದಿಲ್ಲ. ನಾಳೆ ಮುಗೀತೈತೆ."

"ನಾಳೆ ನನಗೆ ಬೇರೆ ಕೆಲಸವಿದೆ ಅಮ್ಮ. ಇವತ್ತು ಆಗಲಿಲ್ಲ ಅಂದರೆ ಆಗಲಿಲ್ಲ ಅಂತಲೇ ಬರೀಬೇಕಾಗುತ್ತೆ."

ನಾನು ಬಗ್ಗಿ, "ಆಪಾ, ಸುಬೇದಾರರೇ ಸರಿಯಿದೆ ಅಂತಿದ್ದಾರೆ, ಹೂಂ ಅನ್ನಿ," ಎಂದು ಪಿಸುಗುಟ್ಟಿದೆ. ಆಪಾ ಪಿಸುಗುಟ್ಟುವವರಲ್ಲ. ಎಲ್ಲರಿಗೂ ಕೇಳುವಂತೆ ಅಂದರು: "ಬರ್ಕೊಳ್ಳಿ ಸಾರ್. ಆದ್ರೆ ನಾಳೆ ಇದರ ಮೇಲೆ ಕೆನ್ನೆ ಇಟ್ಟು ಗುರಿ ಹಿಡಿಯೋರು ಈ ಮೇಷ್ಟ್ರು. ಉಜ್ಜೋ ಕೊಕ್ಕೇನ ನಾನು ಅವರ ಕೆನ್ನೆ ಹತ್ರ ಇಡಾಕಿಲ್ಲ."

ಓಣಿಯ ಆಚೆ ದೊಡ್ಡಪ್ಪನ ಮಗ ಕಟ್ಟಿದ್ದ ಕೈ ಬಿಚ್ಚಿದ.

ಸುಬೇದಾರರು ಮೀಸೆ ಸವರಿಕೊಂಡು, "ಒಂದು ಮೇಣದ ಬತ್ತಿ ಹಚ್ಚಮ್ಮ, ನೋಡೇಬುಡಾನ," ಅಂದರು. ಆಪಾ ಬತ್ತಿ ಹಚ್ಚಿ, ಕೊಕ್ಕೆಯನ್ನು ಹೊಗೆಗೆ ಹಿಡಿದು ಮಸಿ ಮಾಡಿದರು. ಬೋಲ್ಟ್ ಒಮ್ಮೆ ಮುಚ್ಚಿ ತೆರೆದರು. ಎಲ್ಲಿ ಉಜ್ಜುತ್ತದೋ ಅಲ್ಲಿ ಮಸಿ ಅಳಿಸಿಹೋಗಿರುತ್ತದೆ. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡಿದರು. ಕೊಕ್ಕೆಯ ಒಂದೇ ಪಕ್ಕದಲ್ಲಿ ಮಸಿ ಅಳಿಸಿತ್ತು.

ಅಂದರೆ ಕಚ್ಚು ಕಿರಿದಾಗಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಕಚ್ಚು ಇರುವುದು ನಳಿಗೆಯ ಮೇಲೆ, ಮುಂದಿನ ಸೈಟು ಇರುವುದೂ ನಳಿಗೆಯ ಮೇಲೆ. ನಳಿಗೆ ಪೂರ್ತಿ ತಿರುಗದಿದ್ದರೆ ಎರಡೂ ಒಟ್ಟಿಗೇ ಜರುಗಿರುತ್ತವೆ. ಆಪಾ ಎದ್ದು ನಳಿಗೆಯ ಬಾಯಿಯ ಕಡೆ ಹೋಗಿ ಒಂದು ಕಣ್ಣು ಮುಚ್ಚಿದರು. "ವಾಲೈತೆ ಸಾಬ್," ಅಂದರು. "ನೀವು ಹೇಳಿದ್ದೇ ಸರಿ."

"ನೀನು ಹೇಳಿದ್ದೂ ಸರಿ ಕಣಮ್ಮ. ನಳಿಗೆ ಇನ್ನೂ ಮನೆ ಸೇರಿಲ್ಲ," ಎಂದ ಸುಬೇದಾರರು ಅಧಿಕಾರಿಯ ಕಡೆ ತಿರುಗಿದರು. "ಸಾರ್, ನಾನು ಸೈಟು ಅಂದೆ, ಈಯಮ್ಮ ಕೊಕ್ಕೆ ಅಂತು. ಎರಡೂ ಒಂದೇ ರೋಗ. ಈಯಮ್ಮ ನಿಲ್ಲುಸ್ದೆ ಹೋಗಿದ್ರೆ ನಾನು ಬಂದಿದ್ದೇ ದಂಡ. ನಾಳೆಗೆ ಇಟ್ಕಳಿ."

ಅಧಿಕಾರಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದರು. ಒಳಗೆ ಬಂದು, "ನಾಳೆ ಮಧ್ಯಾಹ್ನ," ಅಂದರು.

ನಳಿಗೆಯನ್ನು ಮತ್ತೆ ಬಿಚ್ಚಿದಾಗ ಕಾರಣ ಸಿಕ್ಕಿತು. ಅದು ಕೂರುವ ಜಾಗದ ಒಳಮೂಲೆಯಲ್ಲಿ ಯಾವ ಕಾಲದ್ದೋ ಗ್ರೀಸು ಒಣಗಿ ಕಲ್ಲಾಗಿತ್ತು. ಆಪಾ ಅದನ್ನು ಬಿದಿರು ಕಡ್ಡಿಯಲ್ಲಿ ಕೆರೆದು ಕೆರೆದು ತೆಗೆದರು. ಈ ಸಲ ಬಿಗಿದಾಗ ಸೈಟು ದೀಪದ ಕಂಬದಂತೆ ನೆಟ್ಟಗೆ ನಿಂತಿತು. ಮಸಿ ಹಿಡಿದು ನೋಡಿದರೆ ಪಕ್ಕದ ಉಜ್ಜು ಹೋಗಿತ್ತು, ಕಚ್ಚಿನ ತಳದಲ್ಲಿ ಮಾತ್ರ ಒಂದು ಚುಕ್ಕೆಯಷ್ಟು ಉಳಿದಿತ್ತು. ಆಪಾ ಸೂಜಿಯಂಥ ಅರ ತೆಗೆದುಕೊಂಡರು. ಒಮ್ಮೆ ಎಳೆಯುವುದು, ಊದುವುದು, ಮಸಿ ಹಿಡಿಯುವುದು, ಮುಚ್ಚಿ ನೋಡುವುದು. ಸುಬೇದಾರರು ಟಾರ್ಚ್ ಹಿಡಿದರು. "ಸಾಬ್, ಬೆಳಕು ಅಲ್ಲಾಡಿಸ್ಬೇಡಿ," ಎಂದು ಬೈಸಿಕೊಂಡು, ಆಮೇಲೆ ಹೊಸದಾಗಿ ಸೈನ್ಯಕ್ಕೆ ಸೇರಿದವರ ಹಾಗೆ ಉಸಿರು ಬಿಗಿಹಿಡಿದು ನಿಂತರು. ಕೊನೆಗೊಮ್ಮೆ ಬೋಲ್ಟು ಬೆಣ್ಣೆಯಲ್ಲಿ ಬೆರಳು ಹೋದಂತೆ ಹೋಯಿತು. ಸುಬೇದಾರರು ಎರಡು ಅಳತೆಯ ಗೇಜುಗಳನ್ನು ಒಂದೊಂದಾಗಿ ಇಟ್ಟು ಬೋಲ್ಟು ಮುಚ್ಚಿ ನೋಡಿದರು. ಮುಚ್ಚಬೇಕಾದ ಅಳತೆಗೆ ಮುಚ್ಚಿತು, ಮುಚ್ಚಬಾರದ ಅಳತೆಗೆ ನಿಂತಿತು.

ಮರುದಿನ ಚನ್ನರಾಯನದುರ್ಗದ ದಾರಿಯಲ್ಲಿ ಬೋಳು ಗುಡ್ಡವೊಂದರ ಬುಡದಲ್ಲಿದ್ದ ನಮ್ಮ ಮೈದಾನಕ್ಕೆ ಎಲ್ಲರೂ ಹೋದೆವು. ಮೊದಲ ಗುಂಡಿಗೆ ರೈಫಲನ್ನು ಮರಳು ಚೀಲಗಳ ನಡುವೆ ಕಟ್ಟಿ, ದೂರದಿಂದ ದಾರ ಎಳೆದೆವು. ಗುಡ್ಡ ಗುಡುಗಿ ಸುಮ್ಮನಾಯಿತು. ಆಪಾ ಹೋಗಿ ಬೋಲ್ಟ್ ಎಳೆದರು. ಖಾಲಿ ಕೇಸು ಚಂಗನೆ ಹಾರಿ ಬಂಡೆಯ ಮೇಲೆ ಬಿದ್ದು ಠಣ್ ಎಂದಿತು. ಆಪಾ ಆ ಬಿಸಿ ಕೇಸನ್ನು ಕೈಯಿಂದ ಕೈಗೆ ಎಸೆಯುತ್ತ ಬುಡವನ್ನು ಬಿಸಿಲಿಗೆ ಹಿಡಿದು ನೋಡಿ, ಸುಬೇದಾರರಿಗೆ ಕೊಟ್ಟರು. ಉಬ್ಬಿಲ್ಲ, ಗೀರಿಲ್ಲ.

ಆಮೇಲೆ ಸುಬೇದಾರರು ಮಲಗಿ ಹಾರಿಸಿದರು. ನಾನು ಹಾರಿಸಿದೆ. ಹಿಂದೆ ಅಡ್ಡಡ್ಡ ಹೋಗುತ್ತಿದ್ದ ರೈಫಲಿನ ಗುಂಡುಗಳು ಒಂದರ ಪಕ್ಕ ಒಂದು ಕೂತವು, ಅಂಗೈಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ. ಪ್ರತಿಸಲವೂ ಖಾಲಿ ಕೇಸು ಹಾರಿ ಬಿತ್ತು. ಸುಬೇದಾರರು ರೈಫಲನ್ನು ಆಪಾ ಕಡೆ ಚಾಚಿ, "ಪರವಾನಗಿ ಕೇಳ್ದೋರು ನೀವು. ನೀವೂ ಒಂದು ಹೊಡೀರಿ," ಅಂದರು. ಜೀವಮಾನವೆಲ್ಲ ಬಂದೂಕಿನ ಜೊತೆ ಕಳೆದ ಆಪಾ ಒಂದು ಗುಂಡನ್ನೂ ಹಾರಿಸಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಗ. ಬಿಸ್ಮಿಲ್ಲಾ ಎಂದು ಚಾಪೆಯ ಮೇಲೆ ಮಲಗಿದರು. ಸುಬೇದಾರರು ಪಕ್ಕದಲ್ಲಿ ಕೂತು ಭುಜ ಒತ್ತಿ ಹಿಡಿಯುವುದನ್ನು ಹೇಳಿಕೊಟ್ಟರು. ಗುಂಡು ಗುರಿಹಲಗೆಯ ಅಂಚಿನ ಕಾಗದವನ್ನಷ್ಟೇ ಹರಿಯಿತು.

"ಗುರಿ ನಿಮ್ ಕೆಲಸ," ಎಂದು ಆಪಾ ಬೋಲ್ಟ್ ಎಳೆದರು. "ಕೇಸು ಎಲ್ಲಿ ಬಿತ್ತು, ಅದನ್ನ ನೋಡಿ." ಅದು ನಮ್ಮೆಲ್ಲರ ಕೇಸುಗಳಿಗಿಂತ ದೂರ ಹೋಗಿ ಬಿದ್ದಿತ್ತು.

ಅಧಿಕಾರಿ ಸುಬೇದಾರರ ಅಭಿಪ್ರಾಯ ಕೇಳಿದರು. ಅವರು ಅಂದದ್ದು ಇಷ್ಟೇ: "ನನ್ ರೈಫಲ್ ಕೆಟ್ರೆ ನಾನು ಈಯಮ್ಮನ ತಾವ ತರ್ತೀನಿ. ಇದ್ಕಿಂತ ಇನ್ನೇನ್ ಹೇಳ್ಲಿ ಸಾರ್." ಅಧಿಕಾರಿ ನಕ್ಕು ಆಪಾಗೆ ಕೈಮುಗಿದರು.

ಪರವಾನಗಿ ಅವರ ಹೆಸರಿಗೇ ಬಂತು. ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರು ಬಂತು. ಆ ರೈಫಲಿನಲ್ಲಿ ಪಾವಗಡದ ಒಬ್ಬ ಹೆಣ್ಣುಮಗಳು ಅಭ್ಯಾಸ ಮಾಡಿ, ಹೊರಜಿಲ್ಲೆಯ ಪಂದ್ಯದಲ್ಲಿ ಗೆದ್ದು ಬಂದಳು. ಕೊನೆಯವರೆಗೂ ಆಪಾ ಅರ ಕೆಳಗಿಡಲಿಲ್ಲ, ಬಾಯಿಯನ್ನೂ ಕೆಳಗಿಡಲಿಲ್ಲ. ಆದರೆ ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಮೈದಾನದಿಂದ ಹಿಂತಿರುಗಿದ ಅವತ್ತಿನ ಸಾಯಂಕಾಲ.

ನಾವು ಶಿರಾ ಸೇರುವ ಹೊತ್ತಿಗೆ ಓಣಿಯ ಜನ ಅಂಗಡಿಯ ಮುಂದೆ ಸೇರಿದ್ದರು. ಟೀ ಅಂಗಡಿಯವರು, ಹೂವಿನವರು, ದೊಡ್ಡಪ್ಪನ ಮಗ, ಎಲ್ಲರೂ. ಗಾಡಿಯಿಂದ ಇಳಿಯುತ್ತಿದ್ದಂತೆ ಯಾರೋ ನನ್ನನ್ನೇ ಕೇಳಿದರು: "ಏನಾಯ್ತು ಮೇಷ್ಟ್ರೇ?"

ನಾನು ಬಾಯಿ ತೆರೆದೆ. ಆಪಾ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

"ನೀವು ಸುಮ್ನಿರಿ ಮೇಷ್ಟ್ರೇ. ಇದನ್ನ ನಾನೇ ಹೇಳ್ಬೇಕು."

ಅಂಗಡಿಯ ಮೆಟ್ಟಿಲು ಹತ್ತಿ ನಿಂತು, ಹಳೇ ನಳಿಗೆ ಬಿಚ್ಚಿದಲ್ಲಿಂದ ಶುರುಮಾಡಿದರು. ಮಾತು ಕೊಕ್ಕೆಯ ಹತ್ತಿರ ಬರುವಷ್ಟರಲ್ಲಿ ಓಣಿ ತುಂಬಿಹೋಗಿತ್ತು, ಸ್ಕೂಟರಿನವರು ಇಂಜಿನ್ ಆರಿಸಿ ಕೇಳುತ್ತಿದ್ದರು. ದೊಡ್ಡಪ್ಪನ ಮಗ ತನ್ನ ಅಂಗಡಿಯಿಂದ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟ. ಆಪಾ ಕೂರಲಿಲ್ಲ. ನಿಂತೇ ಹೇಳಿದರು.